ನಮ್ಮ ಕಡೆಯ ಅಂಚೆ ಕಚೇರಿ

ನಮ್ಮತ್ತೆಗೆ ಕೋಪ ಬಂದರೆ ಅವರ ತಮಿಳಿಗೆ ಕನ್ನಡ ಬೆರೆತುಬಿಡುತ್ತದೆ. ಸಮಾಧಾನದಲ್ಲಿದ್ದಾಗ ಕೋಡಂಬಾಕ್ಕಂನಲ್ಲೇ ಹುಟ್ಟಿದವರ ಹಾಗೆ ತಮಿಳು ಆಡುವ ಹೆಂಗಸು, ಸಿಟ್ಟು ನೆತ್ತಿಗೇರಿದ್ದೇ ತಡ, ನಿಂತಲ್ಲೇ ಉಡುಪಿಗೆ ಹೋಗಿ ಬಂದುಬಿಡುತ್ತಾರೆ. ಆ ಬೆರಕೆಯಿಂದ ನಮ್ಮ ಬೀದಿಯ ಅಂಚೆ ಕಚೇರಿಯ ಜಗಳ ಒಮ್ಮೆ ಪೂರ್ತಿ ಕೆಟ್ಟೇಹೋಗುವುದರಲ್ಲಿತ್ತು. ಕೊನೆಗೆ ಅದು ನೆಟ್ಟಗಾದದ್ದೂ ಅವರಿಂದಲೇ.

ಮದುವೆಯಾಗಿ ಉಡುಪಿಯಿಂದ ಈ ತಮಿಳು ಊರಿಗೆ ಬಂದಾಗಿನಿಂದ ಅತ್ತೆಗೆ ಇದ್ದದ್ದು ಎರಡೇ ಜಾಗ. ಒಂದು ಮನೆ, ಇನ್ನೊಂದು ಬೀದಿಯ ತುದಿಯಲ್ಲಿರುವ ನಮ್ಮ ಹೋಟೆಲು. ಮಾವ ಅಡುಗೆ ನೋಡಿಕೊಂಡರೆ ಅತ್ತೆ ಗಲ್ಲಾದಲ್ಲಿ ಕೂರುತ್ತಿದ್ದರು. ಮಾವ ತೀರಿಕೊಂಡ ಮೇಲೆ ಗಲ್ಲಾ ನನ್ನ ಗಂಡನಿಗೆ ಬಂತು, ಅತ್ತೆಗೆ ಮಂಡಿನೋವು ಬಂತು. ಆಮೇಲೆಯೇ ಅವರು ಅಂಚೆ ಕಚೇರಿಯನ್ನು ಕಂಡುಕೊಂಡದ್ದು. ಒಂದು ದಿನ ಪೋಸ್ಟ್ ಕಾರ್ಡ್ ಬೇಕು, ಇನ್ನೊಂದು ದಿನ ಪಾಸ್‌ಬುಕ್ಕಿಗೆ ಸೀಲು ಬೀಳಬೇಕು, ಮತ್ತೊಂದು ದಿನ ಮಣಿಪಾಲದ ತಂಗಿಗೆ ಹಪ್ಪಳದ ಪಾರ್ಸೆಲ್. ಬೆಳಗಿನ ತಿಂಡಿ ಮುಗಿದ ಕೂಡಲೇ ಸೆರಗು ಸರಿಮಾಡಿಕೊಂಡು ಹೊರಟರೆಂದರೆ ಊಟದ ಹೊತ್ತಿಗೇ ಬರುವುದು. ಕೆಲಸ ನೆಪ ಮಾತ್ರ. ಹಳೆಯ ಮನೆಯೊಂದರ ಜಗಲಿಯಲ್ಲಿದ್ದ ಆ ಕಚೇರಿಯಲ್ಲಿ ಒಂದು ಮರದ ಬೆಂಚು, ಅದರ ಮೇಲೊಂದು ಫ್ಯಾನು. ಬೀದಿಯ ನಾಲ್ಕಾರು ಮುದುಕಿಯರು ಅಲ್ಲಿ ಸೇರುತ್ತಿದ್ದರು. ‘ಎನ್ನ ವೇಣುಂ?’ ಏನು ಬೇಕು, ಎಂದು ಅವರನ್ನು ಯಾರೂ ಕೇಳುತ್ತಿರಲಿಲ್ಲ. ಜೊತೆಗೆ ಬರುತ್ತೇನೆಂದವರಿಗೆ ಅತ್ತೆಯ ಬೈಗುಳ ಖಂಡಿತ. ಸ್ಕೂಟರಿನಲ್ಲಿ ಬಿಟ್ಟುಬರುತ್ತೇನೆಂದ ನನ್ನ ಮಗಳಿಗೂ ಸಿಕ್ಕಿದೆ.

ಹೀಗಿರುವಾಗ ಆ ಮನೆಯ ಮಾಲೀಕರು ಫ್ಲ್ಯಾಟು ಕಟ್ಟಿಸಲು ಜಾಗ ಬಿಟ್ಟುಕೊಡಿ ಎಂದರು. ಅಂಚೆ ಕಚೇರಿಯನ್ನು ದೊಡ್ಡ ರಸ್ತೆಯ ಆಚೆಗಿನ ಸೂಪರ್ ಮಾರ್ಕೆಟ್ಟಿನೊಳಗೆ ಇಡುವುದೆಂದು ಸುದ್ದಿ ಬಂತು. ಬಿಸ್ಕತ್ತು, ಸೋಪುಗಳನ್ನೆಲ್ಲ ದಾಟಿ ಹಿಂದೆ ಹೋದರೆ ಒಂದು ಕೌಂಟರ್. ಹವಾನಿಯಂತ್ರಿತ ಬೇರೆ! ನಾನು ವಿಮಾ ಕಚೇರಿಯಲ್ಲಿ ದುಡಿಯುವವಳು, ಒಳ್ಳೆಯದೇ ಆಯಿತಲ್ಲ ಎಂದುಕೊಂಡೆ. ಆದರೆ ಮೆಟ್ರೋ ಕೆಲಸಕ್ಕೆ ಅಗೆದು, ತಗಡು ನಿಲ್ಲಿಸಿ, ಪೋರೂರಿನ ಕಡೆಗೆ ಹೋಗುವ ಬಸ್ಸುಗಳೆಲ್ಲ ಒಂದೇ ಸಂದಿಯಲ್ಲಿ ನುಗ್ಗುವ ಆ ರಸ್ತೆಯನ್ನು ಅತ್ತೆ ಒಬ್ಬರೇ ದಾಟುವ ಮಾತೇ ಇರಲಿಲ್ಲ.

“ಅದು ಆಚೆ ಹೋಯ್ತು ಅಂತಾದ್ರೆ ನಾನು ಮತ್ತೆ ಹೊರಗೆ ಹೊರಡುದು ಆಂಬುಲೆನ್ಸಲ್ಲೇ, ತಿಳ್ಕೋ ಮಾರಾಯ್ತಿ” ಎಂದರು. ನಾನು ನಗಲಿಲ್ಲ. ಅವರೂ ನಗಿಸಲೆಂದು ಹೇಳಿರಲಿಲ್ಲ.

ಮರುದಿನದಿಂದಲೇ ಅತ್ತೆ, ಕಚೇರಿ ಆಚೆ ಹೋಗಬಾರದೆಂಬ ಅರ್ಜಿಗೆ ಸಹಿ ಕೇಳುತ್ತ ಮನೆ ಮನೆ ಹತ್ತಿದರು. ಲಿಫ್ಟಿಲ್ಲದ ಕಟ್ಟಡಗಳಲ್ಲಿ ಮೆಟ್ಟಿಲಿಗೊಮ್ಮೆ ‘ಅಪ್ಪಾ ದೇವರೇ’ ಎನ್ನುತ್ತ ಮೂರನೇ ಮಹಡಿಗೂ ಹೋದರು. ಬೆಂಚಿನ ಗೆಳತಿಯರು ಹಿಂದೆ ಹೋದರು, ಇಸ್ತ್ರಿ ಬಂಡಿಯವನು ಸೇರಿದ, ರೈಲ್ವೆಯಿಂದ ನಿವೃತ್ತರಾದ ಎದುರುಮನೆಯ ಹಿರಿಯರು ಬಾಯಿಬಿಟ್ಟು ಬೆಂಬಲ ಕೊಟ್ಟರು. ಕಡೆಗೊಂದು ಶನಿವಾರ ಅಂಚೆಯ ಮೇಲಧಿಕಾರಿಯೊಬ್ಬರು ಬೀದಿಯವರ ಮಾತು ಕೇಳಲು ಆ ಜಗಲಿಗೇ ಬಂದರು. ಮನುಷ್ಯ ಒಳ್ಳೆಯವರು, ಆದರೆ ಸೂಪರ್ ಮಾರ್ಕೆಟ್ಟಿನ ಅನುಕೂಲಗಳನ್ನು ಅವರು ವರ್ಣಿಸಿದ ಹಾಗೆಲ್ಲ ಅತ್ತೆಯ ಮುಖ ಕೆಂಪಾಗುತ್ತ ಹೋಯಿತು. ನಾನು ಕೈ ಹಿಡಿದು ಕೂರಿಸುವಷ್ಟರಲ್ಲಿ ಎದ್ದೇಬಿಟ್ಟರು.

“ಅದೆಲ್ಲಾಂ ವೇಂಡಾಂ ಸಾರ್! ಪೋಸ್ಟ್ ಆಫೀಸ್ ನಮ್ಮ ಕಡೆಯಿಲೇ ಇರುಕ್ಕಟ್ಟುಂ!”

ಅದೆಲ್ಲ ಬೇಡ, ರಸ್ತೆಯ ನಮ್ಮ ಕಡೆಯಲ್ಲೇ ಇರಲಿ ಎಂಬುದು ಅವರ ಅರ್ಥ. ಆದರೆ ತಮಿಳಿನಲ್ಲಿ ಕಡೈ ಎಂದರೆ ಅಂಗಡಿ. ಅಲ್ಲಿದ್ದವರ ಕಿವಿಗೆ ಬಿದ್ದದ್ದು, ‘ಅಂಚೆ ಕಚೇರಿ ನಮ್ಮ ಅಂಗಡಿಯಲ್ಲೇ ಇರಲಿ’ ಎಂದು. ಹೇಳಿದ್ದು ಹೋಟೆಲಿನ ಯಜಮಾನಿ! ‘ಅದಾನೇ ಪಾತ್ತೇನ್’ ಅದೇ ಅಂದುಕೊಂಡೆ, ಎಂದು ರೈಲ್ವೆ ಹಿರಿಯರು ಗೊಣಗಿದರು. ಇದಕ್ಕೇ ಇಷ್ಟೆಲ್ಲ ಓಡಾಟವೋ ಎಂಬ ಧಾಟಿ. ಬೆಂಚಿನ ಗೆಳತಿಯರೂ ಮುಖ ಮುಖ ನೋಡಿಕೊಂಡರು. ಅಧಿಕಾರಿಗೆ ಮಾತ್ರ ಖುಷಿಯೋ ಖುಷಿ. ಹೋಟೆಲಿನಲ್ಲಿ ಜಾಗ ಇದೆಯೇ ಎಂದು ವಿಚಾರಿಸಿದರು.

ಜಾಗ ಇತ್ತು. ಪಕ್ಕದ ಕೋಣೆ ಖಾಲಿಯೇ ಬಿದ್ದಿತ್ತು. ಸ್ಟಾಂಪಿಗೆ ಬಂದವರು ಕಾಫಿ ಕುಡಿಯದೆ ಹೋಗುತ್ತಾರೆಯೇ? ನನ್ನ ಗಂಡನ ಮುಖ ಅರಳಿತು. “ಅಮ್ಮಾ, ನೀವು ಸುಮ್ನೆ ಕೂತ್ಕೊಳ್ಳಿ. ಒಳ್ಳೇದೇ ಆಯ್ತಲ್ಲ” ಎಂದು ಪಿಸುಗುಟ್ಟಿದರು.

ಸುಮ್ಮನಿರಬಹುದಿತ್ತು. ರಸ್ತೆ ದಾಟುವ ಕಷ್ಟವೂ ತಪ್ಪುತ್ತಿತ್ತು. ನಾನಾಗಿದ್ದರೆ ಸುಮ್ಮನಿರುತ್ತಿದ್ದೆ. ಅತ್ತೆ ಮೊದಲು ಮಗನನ್ನು ನೋಡಿದರು.

“ಮನೆಯಿಂದ ಹೊರಟು ಪುನಃ ನಮ್ಮ ಹೋಟೆಲಿಗೇ ಬಂದು ಕೂರುದಾ? ಅದು ಹೊರಗೆ ಹೋದ ಹಾಗಾಯ್ತಾ ಮಾರಾಯ?”

ಆಮೇಲೆ ಸಭೆಯ ಕಡೆ ತಿರುಗಿದರು. ಈಗ ಬಂದದ್ದು ಒಂದು ಕನ್ನಡ ಪದವೂ ಸೇರದ ಅಚ್ಚ ತಮಿಳು. ಕಡೆ ಎಂದರೆ ರಸ್ತೆಯ ಈ ಪಕ್ಕ ಎಂದರು. ನನ್ನ ಅಂಗಡಿಯೂ ಬೇಡ, ಯಾರ ಅಂಗಡಿಯೂ ಬೇಡ ಎಂದರು. “ನಾನು ಗಲ್ಲಾದಲ್ಲಿ ಕೂತವಳು. ಕಾಫಿ ಕುಡಿದ ಮೇಲೂ ಏಳದವರನ್ನು ಹೇಗೆ ನೋಡಬೇಕೆಂದು ನನಗೆ ಗೊತ್ತು. ನಾನು ನೋಡಿದರೆ ಎಂಥವನೂ ಎದ್ದು ಹೋಗುತ್ತಿದ್ದ. ಅಂಗಡಿಯವರು ಕೆಟ್ಟವರಲ್ಲ, ಅಂಗಡಿ ನಡೆಯಬೇಕಲ್ಲ! ನಮ್ಮನ್ನು ನನ್ನ ಮಗ ಒಂದು ವಾರ ಕೂರಿಸಿಕೊಳ್ಳುತ್ತಾನೆ. ಆಮೇಲೆ ಅವನೂ ಹಾಗೇ ನೋಡುತ್ತಾನೆ.”

ನನಗೆ ಆ ಹೊತ್ತು ಎದ್ದು ಅವರ ಕಾಲಿಗೆ ಬೀಳೋಣ ಅನ್ನಿಸಿತು. ಸ್ವಂತ ವ್ಯಾಪಾರದ ಗುಟ್ಟನ್ನು ಬೀದಿಯಲ್ಲಿ ಬಿಚ್ಚಿಟ್ಟು, ಬಾಗಿಲಿಗೆ ಬಂದ ಲಾಭವನ್ನು ಹೀಗೆ ಹಿಂದಕ್ಕಟ್ಟಿದವರನ್ನು ನಾನು ಬೇರೆ ನೋಡಿಲ್ಲ. ಪಕ್ಕದಲ್ಲಿ ಗಂಡ ಮುಖ ಊದಿಸಿಕೊಂಡು ಕೂತಿದ್ದರು, ಆ ಕಡೆ ನಾನು ತಿರುಗಲಿಲ್ಲ.

ರೈಲ್ವೆ ಹಿರಿಯರು ಗಂಟಲು ಸರಿಮಾಡಿಕೊಂಡರು. ಗೊಣಗಿದ್ದಕ್ಕೆ ನಾಚಿಕೆಯಾಗಿತ್ತೇನೋ. ರಸ್ತೆಯ ನಮ್ಮ ಪಕ್ಕದಲ್ಲೇ ಇರುವ ಕಾರ್ಪೊರೇಷನ್ ಶಾಲೆಯಲ್ಲಿ ಗೇಟಿಗೆ ಹೊಂದಿಕೊಂಡ ಕೋಣೆಯೊಂದು ಬೀಗ ಹಾಕಿ ಬಿದ್ದಿದೆ, ಅದನ್ನು ಕೇಳಬಾರದೇಕೆ ಎಂದರು. ಅಧಿಕಾರಿ ನೋಡೋಣ ಎಂದರು. ನೋಡೋಣ ಎಂದರೆ ಇಲ್ಲ ಎಂದೇ ಲೆಕ್ಕ ಎಂದುಕೊಂಡಿದ್ದೆ. ಆದರೆ ಅತ್ತೆ ಮತ್ತು ಅವರ ಪಡೆ ಬಿಡಲಿಲ್ಲ, ಅಧಿಕಾರಿಯೂ ಮಾತು ಉಳಿಸಿಕೊಂಡರು. ಕೆಲವು ತಿಂಗಳಲ್ಲಿ ಆ ಕೋಣೆಗೆ ಸುಣ್ಣ ಬಳಿದು ಕೆಂಪು ಡಬ್ಬಿ ತೂಗುಹಾಕಿದರು.

ಕೋಣೆಯಲ್ಲಿ ಕೌಂಟರಿತ್ತು, ಫ್ಯಾನಿತ್ತು, ಬೆಂಚಿರಲಿಲ್ಲ. ಅತ್ತೆ ನಮ್ಮ ಹೋಟೆಲಿನಿಂದಲೇ ಒಂದನ್ನು ಹೊರಿಸಿದರು. ಒಂದು ತುದಿ ಗಂಡನ ಕೈಯಲ್ಲಿ, ಇನ್ನೊಂದು ಇಸ್ತ್ರಿಯವನ ಕೈಯಲ್ಲಿ. “ಇದರ ಮೇಲಿಂದ ಎಷ್ಟು ಜನರನ್ನು ಎಬ್ಬಿಸಿದ್ದೇನೋ” ಎಂದು ಅತ್ತೆ ಅದರ ಹಲಗೆಯನ್ನು ಸೆರಗಿನಲ್ಲಿ ಒರೆಸಿದರು.

ಕಚೇರಿ ತೆರೆದ ಮೊದಲ ಬೆಳಿಗ್ಗೆ ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೊರಟೆ. ಶಾಲೆಯ ಗೇಟಿನ ಹತ್ತಿರ ಅವರು ನಿಂತರು.

“ನೀನಿನ್ನು ಹೋಗು.”

“ಒಳಗೆ ಬಿಟ್ಟು ಹೋಗ್ತೀನಿ, ಅತ್ತೆ.”

“ನೀನು ಬಿಡ್ಲಿಕ್ಕೆ ಬರುದಾದ್ರೆ ಇಷ್ಟೆಲ್ಲ ಎಂತಕ್ಕೆ ಮಾಡಿದ್ದು?”

ಗೇಟಿನಾಚೆಯೇ ನಿಂತೆ. ಕಿಟಕಿಯಿಂದ ಒಳಗೆಲ್ಲ ಕಾಣುತ್ತಿತ್ತು. ಅತ್ತೆ ಬೆಂಚಿನಲ್ಲಿ ಕೂತು, ಕಾಲು ನೀಡಿ, ಮಂಡಿ ನೀವಿಕೊಂಡರು. ಗುಮಾಸ್ತ ತಲೆಯೆತ್ತಿ ಅವರನ್ನು ನೋಡಿದ. ಏನು ಬೇಕೆಂದು ಕೇಳಲಿಲ್ಲ.