ಹುಲಿಗೆಮ್ಮ ಮುಚ್ಚಿದ ಗುಮ್ಮಟ

ಗೋವಾದಲ್ಲಿ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣಿಗೆ ಬುಟ್ಟಿ, ಗಂಡಿಗೆ ಗಾರೆ ಬಳಿಯುವ ಕರಣಿ. ಬುಟ್ಟಿ ಹೊತ್ತು ಹೊತ್ತು ಮುದುಕಿಯಾದರೂ ಅವಳು ಗೋಡೆ ಕಟ್ಟುವ ಗೌಂಡಿಯಾಗುವುದಿಲ್ಲ. ಗೊತ್ತಿಲ್ಲ ಅನ್ನಬೇಡಿ, ನಿಮ್ಮ ಮನೆಯ ಸ್ಲ್ಯಾಬೂ ಯಾವುದೋ ಹೆಣ್ಣಿನ ನೆತ್ತಿಯ ಮೇಲಿಂದಲೇ ಏರಿದ್ದು.

ಸಡಾ ಗುಡ್ಡದ ಹುಲಿಗೆಮ್ಮನ ನೆತ್ತಿಯ ಕೂದಲು ಸಿಂಬಿಯ ಅಳತೆಗೆ ಸವೆದಿದೆ. ಕಲಂಗುಟ್ ಕಡಲತೀರದ ಹಿಂಬದಿಯಲ್ಲಿ ಪ್ರವಾಸಿಗರಿಗೆಂದು ಗುಮ್ಮಟದ ಮನೆಯೊಂದು ಏಳುತ್ತಿತ್ತು. ಇದ್ದೊಬ್ಬ ಗೌಂಡಿ ಊರಿಗೆ ಹೋಗಿಬಿಟ್ಟ. ಕೆಲಸದ ಗುತ್ತಿಗೆ ಹಿಡಿದಿದ್ದ ಝುವಾರಿನಗರದ ಹಾರೂನ ಬೇರೆ ದಾರಿ ಕಾಣದೆ ಕರಣಿಯನ್ನು ಅಲ್ಲೇ ಬುಟ್ಟಿ ಹೊರುತ್ತಿದ್ದ ಇವಳ ಕೈಗಿಟ್ಟ.

“ಗುಮ್ಮಟ ಮುಚ್ಚಿದ್ರ ನೀವ ಗೌಂಡಿ, ಹುಲಿಗೆಮ್ಮಕ್ಕ. ಇಲ್ಲಾಂದ್ರ ಬುಟ್ಟಿ ಎಲ್ಲೀ ಹೋಗೂದಿಲ್ಲ.”

ಅವನು ಸಿಮೆಂಟಿನ ರಾಡಿಗೆ ನೊರೆ ಸುರಿಯುವುದನ್ನು ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ.

“ಇದೇನ್ರಿ ಹಾರೂನಭಾಯ್, ಮನಿ ಕಟ್ಟಾಕತ್ತೇವೋ, ಅರಿಬಿ ಒಗ್ಯಾಕತ್ತೇವೋ?”

ಇಟ್ಟಿಗೆಯ ಅಚ್ಚು ತುಂಬಿದ್ದೇ ತಡ, ಸರಳು ಹಿಡಿದು ದಬದಬ ಬಡಿದಳು. ಕಾಂಕ್ರೀಟಿನೊಳಗಿನ ಗಾಳಿ ಹೋಗಬೇಕೆಂದು ಗುತ್ತಿಗೆದಾರರು ಬೈದು ಬೈದು ಕಲಿಸಿದ್ದ ಚಾಳಿ ಅದು. ಉಬ್ಬಿದ ರೊಟ್ಟಿಗೆ ಬೆರಳು ಚುಚ್ಚಿದಂತೆ ರಾಡಿ ಕುಸಿದು ಕೂತಿತು.

“ಬಡೀಬ್ಯಾಡ್ರಿ! ಇಲ್ಲಿ ಗಾಳೀನ ಅರ್ಧಾ ಮನಿ!” ಹಾರೂನ ಕೂಗಿದ.

ಬಡಿಯದೆ ಬಿಟ್ಟ ಇಟ್ಟಿಗೆಗಳು ಗಟ್ಟಿಯಾದವು. ಒಂದನ್ನು ಕತ್ತು ಬಿಗಿಮಾಡಿ ತಲೆಗೇರಿಸಿಕೊಂಡಳು. ಭಾರವೇ ಇಲ್ಲ! ಬಿದ್ದುಹೋಯಿತೇನೋ ಎಂದು ಮುಟ್ಟಿ ನೋಡಿಕೊಂಡಳು. ಹಾರೂನ ಇನ್ನೊಂದನ್ನು ನೀರಿನ ಪೀಪಾಯಿಗೆ ಎಸೆದ. ತೇಲಿತು.

“ಯವ್ವಾ, ಕಲ್ಲು ತೇಲಾಕತ್ತೈತಿ!” ಬುಟ್ಟಿ ಹೊತ್ತಿದ್ದ ಸುಂದರವ್ವ ಬಾಯಿಗೆ ಕೈ ಇಟ್ಟಳು. ಹುಲಿಗೆಮ್ಮ ತನ್ನ ಸವೆದ ನೆತ್ತಿಯನ್ನು ಸವರಿಕೊಂಡಳು. ಇಷ್ಟು ಹಗುರವಾದದ್ದು ಲೋಕದಲ್ಲಿದ್ದೂ ತನ್ನ ತಲೆಗೆ ಇಷ್ಟು ದಿನ ಯಾಕೆ ಬರಲಿಲ್ಲ?

ನೆಲದ ನಡುವೆ ಒಂದು ಗೂಟ, ಗೂಟಕ್ಕೊಂದು ಹಗ್ಗ. ಹಗ್ಗದ ತುದಿ ಮುಟ್ಟಿದಲ್ಲಿ ಇಟ್ಟಿಗೆ. ಸುತ್ತಿನ ಮೇಲೆ ಸುತ್ತು ಒಳಕ್ಕೆ ಬಾಗುತ್ತ ಏರಿತು. ಕೆಳಗೆ ಕಂಬವಿಲ್ಲ, ಹಲಗೆಯ ಆಸರೆಯಿಲ್ಲ. ಸುತ್ತು ಕೂಡಿಕೊಂಡಿತೋ, ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು.

ನೆತ್ತಿಯ ಕಿಂಡಿಯಷ್ಟೇ ಉಳಿದಿತ್ತು. ಆಗ ಮಾಲೀಕ ಬಂದು, ಮುಚ್ಚುವುದಕ್ಕಾದರೂ ಒಬ್ಬ ಗಂಡಸನ್ನು ಕರೆಸು ಎಂದು ಹಾರೂನನಿಗೆ ಹಿಂದಿಯಲ್ಲಿ ಗದರಿದ.

“ಗಂಡಸು ಬರೂತನಕಾ ಕೈ ಖಾಲಿ ಯಾಕ್ರಿ?” ಅಟ್ಟಣಿಗೆಯ ಮೇಲಿಂದ ಹುಲಿಗೆಮ್ಮ ಅಂದಳು. ಕೊನೆಯ ಇಟ್ಟಿಗೆ ಇಟ್ಟಳು. ಕರಣಿಯ ಹಿಡಿಯಿಂದ ಬಡಿಯಲು ಕೈ ಎದ್ದಿತು; ಬಡಿದರೆ ಕೆಳಗಿನ ಸುತ್ತು ಅದುರುತ್ತದೆ. ಕೈ ಅಲ್ಲೇ ನಿಂತಿತು. ಕೂಸಿನ ನೆತ್ತಿಗೆ ಎಣ್ಣೆ ಒತ್ತುವಂತೆ ಅಂಗೈಯಲ್ಲಿ ಒತ್ತಿ ಹಿಡಿದಳು. ಆಮೇಲೆ ಕೈ ತೆಗೆದಳು.

ಗುಮ್ಮಟ ನಿಂತಿತು.

ಒಳಗೆ ಬಂದು ಎಲ್ಲರೂ ತಲೆ ಎತ್ತಿದರು. ಮಾಲೀಕನೂ.

“ಇದನ್ನ ಯಾರ ಹಿಡಿದಾರ, ಹುಲಿಗೆವ್ವಾ?” ಸುಂದರವ್ವ ಪಿಸುಗುಟ್ಟಿದಳು.

“ಒಂದನ್ನೊಂದು ಹಿಡಿದಾವ.”

ಆ ಮಾತು ಗೋಡೆ ಸುತ್ತಿ ಅವಳ ಕಿವಿಗೇ ತಿರುಗಿ ಬಂತು.

ಹಾರೂನ ಮಾತಿಗೆ ತಪ್ಪಲಿಲ್ಲ. ಕರಣಿ ಅವಳ ಸೊಂಟದಲ್ಲೇ ಉಳಿಯಿತು. ಅವಳ ಮುಂದಿನ ಕೆಲಸ ನಿಮ್ಮ ಅಂಗಳದಲ್ಲೇ ಇರಬಹುದು. ಬಂದಾಗ “ಗೌಂಡಿ ಎಲ್ಲಿ?” ಎಂದು ಅವಳ ಬೆನ್ನ ಹಿಂದೆ ಇಣುಕಬೇಡಿ. ಗೌಂಡಿ ಎಂದೇ ಕರೆಯಿರಿ, ಗೌಂಡಿಯ ಪಗಾರವನ್ನೇ ಕೊಡಿ.