ಈ ಮನೆಯಲ್ಲಿ ಯಾರಿರ್ತೀರಿ?

"ಈ ಮನ್ಯಾಗ ಯಾರಿರ್ತೀರಿ?"

ಬ್ಯಾಂಕಿನಿಂದ ಮನೆ ನೋಡಲು ಬಂದಿದ್ದ ಸಾಹೇಬರು ಕೇಳಿದ್ದು ಇಷ್ಟೇ. ನಮ್ಮ ಮನೆಯವರು "ನಾವ ಇರ್ತೀವ್ರಿ" ಅಂದರು. ಅದೇ ಗಳಿಗೆಯಲ್ಲಿ ನಾನು "ಬಾಡಿಗಿಯವ್ರು ಇರ್ತಾರ್ರಿ" ಅಂದೆ. ಖಾಲಿ ಮನೆ ನೋಡಿ, ಎರಡೂ ಮಾತು ಗೋಡೆಗೆ ಬಡಿದು ಇನ್ನೊಮ್ಮೆ ಕೇಳಿಸಿದವು. ಸಾಹೇಬರು ಪೆನ್ನಿಗೆ ಕ್ಯಾಪು ಹಾಕಿದರು. ಪಕ್ಕದಲ್ಲಿ ನಿಂತಿದ್ದ ಲೋನ್ ಏಜೆಂಟ್ ಮಾಂತೇಶ ಹಣೆ ಹಣೆ ಬಡಿದುಕೊಂಡ.

ಮೊದಲಿನಿಂದ ಹೇಳುತ್ತೇನೆ. ನಾನು ಶಹಾಪುರದಲ್ಲಿ ಮೇಷ್ಟ್ರಗಿರಿ ಮಾಡುವವಳು, ನಿಮಗೆ ಗೊತ್ತೇ ಇದೆ. ಇರಲಿಕ್ಕೆ ಅಲ್ಲೊಂದು ಮನೆಯಿದೆ. ರಿಟೈರ್ ಆದ ಮೇಲೆ ತಿಂಗಳಿಗಿಷ್ಟು ಅಂತ ಕೈಗೆ ಬರಬೇಕಲ್ಲ? ಅದಕ್ಕೆ ಯಾದಗಿರಿಯಲ್ಲಿ, ಸ್ಟೇಷನ್ನಿಗೆ ನಡೆದುಹೋಗುವಷ್ಟು ದೂರದಲ್ಲಿ, ಬಾಡಿಗೆಗೆ ಬಿಡಲು ಒಂದು ಸಣ್ಣ ಮನೆ ನೋಡಿದೆವು. ಸಂಚಕಾರ ಅಂತ ಮುಂಗಡ ಕೊಟ್ಟಾಗಿತ್ತು. ಅಷ್ಟೂ ನಾನು ವರ್ಷಗಟ್ಟಲೆ ಕಟ್ಟಿದ ಚೀಟಿಯ ದುಡ್ಡು. ಮೂರು ತಿಂಗಳೊಳಗೆ ರಿಜಿಸ್ಟ್ರಿ ಆಗದಿದ್ದರೆ ಆ ದುಡ್ಡು ಮನೆ ಮಾರುವವರಿಗೇ ಅಂತ ಕರಾರು. ಅಂಥ ಕರಾರಿಗೆ ಒಪ್ಪಿದ್ದು ಯಾರ ಬುದ್ಧಿ ಅಂತ ಕೇಳಬೇಡಿ. (ನನ್ನದೇ.)

ಸಾಲ ಕೇಳಲು ಎರಡು ಸಲ ಬ್ಯಾಂಕಿಗೆ ಹೋದೆ. ಒಂದು ಸಲ ಸರ್ವರ್ ಡೌನ್. ಇನ್ನೊಂದು ಸಲ ಸರ್ವರ್ ಇತ್ತು, ಲೋನ್ ನೋಡುವವರು ರಜೆ.

ಆಗ ಸಿಕ್ಕವನು ಮಾಂತೇಶ. ಹುಣಸಗಿ ಕಡೆಯವನು. ಚೀಲದಲ್ಲಿ ನಾಲ್ಕು ಬ್ಯಾಂಕಿನ ಅರ್ಜಿ, ಬಾಯಲ್ಲಿ ನಾಲ್ಕೂ ಬ್ಯಾಂಕಿನ ಬಡ್ಡಿ.

"ನೀವು ಮನಿ ಬಿಟ್ಟು ಏಳೂದ ಬ್ಯಾಡ್ರಿ ಮೇಡಂ. ಎಲ್ಲಾ ನಾ ಮಾಡ್ತೀನಿ. ನಿಮ್ಮ ಕಡಿಂದ ಒಂದು ರೂಪಾಯಿನೂ ಬ್ಯಾಡ, ನನ್ನ ಕಮಿಷನ್ ಬ್ಯಾಂಕಿನವ್ರ ಕೊಡ್ತಾರ."

ಇದ್ದದ್ದು ಇದ್ದ ಹಾಗೆ ಹೇಳಬೇಕು, ಮಾಡಿದ. ಪಗಾರದ ಚೀಟಿ, ಮನೆಯ ಖಾತೆಯ ಉತಾರ, ಹಳೆಯ ಖರೀದಿ ಪತ್ರ, ಎಲ್ಲವನ್ನೂ ಬಿಸಿಲಲ್ಲಿ ಬೈಕ್ ಓಡಿಸಿ ಅವನೇ ತಂದ. ಬಂದಾಗೊಮ್ಮೆ ಚಹಾ ಕುಡಿಯುತ್ತ ಎರಡೂ ಕಡೆಯವರ ಮಾತು ಹೊಂದಿಸುತ್ತಿದ್ದ ಅವನನ್ನು ನೋಡಿದರೆ ನನಗೆ ನಮ್ಮಪ್ಪನ ನೆನಪು. ಅಪ್ಪನೂ ದಲ್ಲಾಳಿಯೇ. ಸಾಲದ್ದಲ್ಲ, ದನದ್ದು.

ಸುರಪುರದ ದನದ ಸಂತೆಗೆ ರಜೆಯಿದ್ದಾಗೆಲ್ಲ ಅಪ್ಪನ ಹಿಂದೆ ಹೋಗುತ್ತಿದ್ದೆ. ಆ ಧೂಳು, ಸೆಗಣಿಯ ವಾಸನೆ, ಅದರ ನಡುವೆಯೇ ಕರಿಯುತ್ತಿದ್ದ ಮಿರ್ಚಿಯ ಘಮ! ಗೋಗಿ ಕಡೆಯ ರೈತ ಎತ್ತು ಹಿಡಿದು ನಿಂತಿರುತ್ತಿದ್ದ. ಅಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ತನ್ನ ಕೈಗೆ, ಕೊಳ್ಳುವವನ ಕೈಗೆ ಒಟ್ಟಿಗೆ ಹೊದಿಸುತ್ತಿದ್ದ. ಬಟ್ಟೆಯ ಕೆಳಗೆ ಬೆರಳಿಗೆ ಬೆರಳು ಒತ್ತಿಯೇ ವ್ಯಾಪಾರ. ಇಷ್ಟು ಬೆರಳು ಹಿಡಿದರೆ ಇಷ್ಟು ಸಾವಿರ. ಸುತ್ತ ನಿಂತವರಿಗೆ ಒಂದೂ ತಿಳಿಯುತ್ತಿರಲಿಲ್ಲ. ಅಪ್ಪನ ಮುಖದಲ್ಲಂತೂ ಏನೂ ಕಾಣುತ್ತಿರಲಿಲ್ಲ.

ಸಂತೆ ಮುಗಿದ ಮೇಲೆ ಬೇವಿನ ಮರದ ಕೆಳಗೆ ನನ್ನ ಕೈಯನ್ನೂ ಆ ವಲ್ಲಿಯೊಳಗೆ ಎಳೆದುಕೊಂಡು, "ಹೇಳು, ಈಗ ಎಷ್ಟಾತು?" ಎಂದು ಕೇಳುತ್ತಿದ್ದ. ನಾನು ಯಾವಾಗಲೂ ತಪ್ಪು ಹೇಳುತ್ತಿದ್ದೆ. ಬೇಕೆಂದೇ. ಇನ್ನೊಂದಿಷ್ಟು ಹೊತ್ತು ಕೈ ಹಿಡಿದುಕೊಂಡಿರಲಿ ಅಂತ. ಆ ಕೈ ನನಗೆ ಈಗಲೂ ಬೇಕು ಅನ್ನಿಸುತ್ತದೆ ನೋಡಿ.

ಬೆಲೆ ಮುಚ್ಚಿಡುತ್ತಿದ್ದ ಅಪ್ಪ ಐಬು ಮಾತ್ರ ಮುಚ್ಚಿಡುತ್ತಿರಲಿಲ್ಲ. ಬಟ್ಟೆ ಹೊದಿಸುವ ಮೊದಲೇ ನಾಲ್ಕು ಮಂದಿಗೆ ಕೇಳುವ ಹಾಗೆ, "ಯಪ್ಪಾ, ಇದು ಬ್ಯಾಸಿಗ್ಯಾಗ ಎಡಗಾಲು ಎಳೀತೈತಿ. ಹೆಣ್ಮಕ್ಕಳನ್ನ ಕಂಡ್ರ ಹಾಯಾಕ ಹೋಗ್ತೈತಿ. ಆಮ್ಯಾಲ ನನ್ನ ಮನಿ ಮುಂದ ಬಂದು ಒದರಬ್ಯಾಡ" ಅನ್ನುತ್ತಿದ್ದ. ಮಾರುವವನು ಹಲ್ಲು ಕಡಿಯುತ್ತಿದ್ದ. ಅದೇ ಮನುಷ್ಯ ಮುಂದಿನ ಸಲವೂ ಅಪ್ಪನನ್ನೇ ಹುಡುಕಿಕೊಂಡು ಬರುತ್ತಿದ್ದ. ಅಪ್ಪ ಮಾಡಿಸಿದ ವ್ಯಾಪಾರ ತಿರುಗಿ ಜಗಳಕ್ಕೆ ಬಂದದ್ದು ನಾನು ಕಂಡಿಲ್ಲ.

ಮಾಂತೇಶನ ಅರ್ಜಿಯಲ್ಲೊಂದು ಪ್ರಶ್ನೆಯಿತ್ತು. ಮನೆ ಸ್ವಂತ ವಾಸಕ್ಕೋ, ಬಾಡಿಗೆಗೋ? ಅವನು ನಮ್ಮನ್ನು ಕೇಳದೆಯೇ ‘ಸ್ವಂತ ವಾಸ’ಕ್ಕೆ ಟಿಕ್ ಹಾಕಿದ.

"ಬಾಡಿಗಿಗಿ ಅಂದ್ರ ಈ ಬ್ಯಾಂಕಿನ್ಯಾಗ ಬಡ್ಡಿ ಜಾಸ್ತಿರಿ. ಸಾಲನೂ ಕಮ್ಮಿ ಕೊಡ್ತಾರ. ಎಲ್ಲಾರೂ ಹಿಂಗ ಬರಸ್ತಾರ್ರಿ ಮೇಡಂ."

ಈ ‘ಎಲ್ಲಾರೂ’ ಅನ್ನುವವರು ಯಾವ ಊರಿನವರು? ಲಂಚ ಕೊಡುವಾಗ ಇವರೇ, ಹೆಲ್ಮೆಟ್ ಹಾಕದಿರುವಾಗ ಇವರೇ. ಒಬ್ಬರೂ ಎದುರಿಗೆ ಸಿಕ್ಕಿಲ್ಲ ನನಗೆ! ಆದರೂ ಸಹಿ ಹಾಕಿದೆ. ಸಂಚಕಾರದ ದುಡ್ಡು ಕಣ್ಣ ಮುಂದಿತ್ತು.

ಆಮೇಲೆ ಸಾಹೇಬರು ಬಂದದ್ದು, ಗಂಡ ಹೆಂಡತಿ ಎರಡು ಬಾಯಲ್ಲಿ ಎರಡು ಮಾತು ಆಡಿದ್ದು. ಸಾಹೇಬರು ಒಳ್ಳೆಯವರು, ಸಿಟ್ಟಾಗಲಿಲ್ಲ. "ಹಂಗಾರ ಹಂಗ ಬರೀರಿ. ಹೊಸಾ ಅರ್ಜಿ ಕೊಡ್ರಿ" ಎಂದು ಜೀಪು ಹತ್ತಿದರು. ಮಾಂತೇಶ ಮಾತ್ರ ಅಂಗಳದಲ್ಲೇ ಶುರು ಮಾಡಿದ.

"ಬಾಯಿ ಮುಚ್ಚಿಕೊಂಡು ನಿಂತಿದ್ರ ಸಾಕಿತ್ತಲ್ರಿ ಮೇಡಂ! ನನ್ನ ಎರಡು ತಿಂಗಳ ಓಡಾಟ ನೀರಾಗ ಹೋತು!"

ಅವನ ಸಿಟ್ಟು ನ್ಯಾಯವೇ. ಬೈದುಕೊಳ್ಳುತ್ತಲೇ ಹೊಸ ಅರ್ಜಿ ತುಂಬಿದ, ಪಾಪ. ಕರಾರು ಮುಗಿಯಲು ಉಳಿದದ್ದು ಮೂರೇ ವಾರ. ಅಷ್ಟು ದಿನ ನನಗೆ ಅನ್ನ ರುಚಿಸಲಿಲ್ಲ. ಫೋನ್ ರಿಂಗಾದರೆ ಬ್ಯಾಂಕಿನದೇ ಅಂತ ಓಡುತ್ತಿದ್ದೆ. ಕೊನೆಗೆ ಸಾಲ ಸಿಕ್ಕಿತು. ಬಡ್ಡಿ ಹೆಚ್ಚು, ಮೊತ್ತ ಕಡಿಮೆ. ಕಡಿಮೆ ಬಿದ್ದದ್ದಕ್ಕೆ ನನ್ನ ಬಳೆ ಹೋದವು. ಗಡುವಿಗೆ ನಾಲ್ಕು ದಿನ ಇರುವಾಗ ರಿಜಿಸ್ಟ್ರಿ ಆಯಿತು.

ಕಳೆದ ವಾರ ಮೊದಲ ಕಂತು ಕಟ್ಟಾಯಿತು. ಮೊಬೈಲಿಗೆ ಬಂದ ಮೆಸೇಜು ನೋಡುತ್ತ, ರೊಟ್ಟಿ ಮುರಿಯುವುದನ್ನೂ ಬಿಟ್ಟು ನಮ್ಮ ಮನೆಯವರು ಕೇಳಿದರು.

"ಸಿಟ್ಟಿಲ್ಲದ ಕೇಳಾಕತ್ತೀನಿ. ಅರ್ಜಿಗಿ ಸಹಿ ಹಾಕಿದಾಕಿ ನೀನ. ಮತ್ತ ಅವತ್ತ್ಯಾಕ ಹಂಗಂದಿ?"

ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೆ ಹೇಳದಿದ್ದ ಒಂದು ಸಂಗತಿಯನ್ನು ಅವತ್ತು ಹೇಳಿದೆ. ಹತ್ತನೇ ತರಗತಿಯ ಪರೀಕ್ಷೆಗೆ ಫಾರಂ ತುಂಬುವಾಗ ‘ತಂದೆಯ ಉದ್ಯೋಗ’ ಎಂಬಲ್ಲಿ ನಾನು ‘ವ್ಯವಸಾಯ’ ಅಂತ ಬರೆದಿದ್ದೆ. ಗೆಳತಿಯರೆಲ್ಲ ನೋಡುತ್ತಿದ್ದರು, ದಲ್ಲಾಳಿ ಅಂತ ಬರೆಯಲು ನಾಚಿಕೆ. ಸಹಿಗೆ ಅಪ್ಪ ಬಂದ. ಅವನಿಗೆ ಓದು ಅಷ್ಟಕ್ಕಷ್ಟೇ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದ. ಸಹಿ ಹಾಕಿದ.

ಶಾಲೆಯ ಗೇಟು ದಾಟಿದ ಮೇಲೆ ಕೇಳಿದ: "ನಮ್ಮ ಹೊಲ ಎಲ್ಲೈತಿ ಅಂತ ಯಾರಾರ ಕೇಳಿದ್ರ ಏನ್ ಹೇಳ್ತಿಯವ್ವಾ?"

ಬೈಯಲಿಲ್ಲ. ಆ ಮಾತನ್ನು ಮತ್ತೆ ಯಾವತ್ತೂ ಎತ್ತಲಿಲ್ಲ. ಆದರೆ ಅವತ್ತಿನಿಂದ ಒಂದು ದಿನವೂ ನನ್ನನ್ನು ಸಂತೆಗೆ ಕರೆಯಲಿಲ್ಲ. ಬರುತ್ತೇನೆ ಅನ್ನುವ ಧೈರ್ಯ ನನಗೂ ಆಗಲಿಲ್ಲ. ತಪ್ಪಾಯಿತು ಅಂತ ಹೇಳುವುದರೊಳಗೆ ಅಪ್ಪನೇ ಇಲ್ಲವಾದ.

ನಮ್ಮ ಮನೆಯವರು ಮೊಬೈಲು ಕೆಳಗಿಟ್ಟು ರೊಟ್ಟಿ ಮುರಿದರು. ಆಮೇಲೆ ಮೆಲ್ಲಗೆ, "ಆದ್ರೂ ಹದಿನೈದು ವರ್ಷ ಹೆಚ್ಚಿಗಿ ಬಡ್ಡಿ ಕಟ್ಟಬೇಕಲ್ಲೇ" ಅಂದರು.

"ಕಟ್ಟೂಣು ಬಿಡ್ರಿ" ಅಂದೆ, "ಈ ಸಾಲಾದ್ರೂ ಹದಿನೈದು ವರ್ಷಕ್ಕ ತೀರ್ತೈತಿ."