ಪಕ್ಕದ ಕೊಂಬೆಯ ಹಣ್ಣು

ಭಂಡಿಗಡಿಯ ಭಾಗ್ಯಳ ಬಾಯಿಗೆ ಹೆದರದವರು ಕಾಫಿ ಕೊಯ್ಲಿಗೆ ಬರುವವರಲ್ಲಿ ಯಾರೂ ಇರಲಿಲ್ಲ. ಹೆಂಗಸರ ತಂಡ ಕಟ್ಟಿಕೊಂಡು ತೋಟದಿಂದ ತೋಟಕ್ಕೆ ಹೋಗುವ ಮೇಸ್ತ್ರಿ ಅವಳು. ಗಿಡದಲ್ಲಿ ಹಣ್ಣು ಬಿಟ್ಟು ಮುಂದೆ ಹೋದರೆ ಸ್ವಂತ ತಂಗಿಯನ್ನೂ ಸುಮ್ಮನೆ ಬಿಡುವವಳಲ್ಲ. ಹೀಗಿರುವಾಗ ಸೀತಕ್ಕನ ಸಾಲಿನಲ್ಲಿ ದಿನಾ ಹಣ್ಣು ಉಳಿಯತೊಡಗಿತು. ಎದುರಿನ ಕೊಂಬೆ ಬೋಳು, ಪಕ್ಕದ ಕೊಂಬೆಗಳು ಕೆಂಪಗೆ ಹಾಗೇ.

“ಎಂತ ಸೀತಕ್ಕ, ಮೈಗಳ್ಳತನ ಕಲಿತ್ಯಾ? ಇಷ್ಟೊಂದು ಹಣ್ಣು ಕಾಣಲ್ವಾ?”

“ಕಾಣ್ತದೆ ಮಾರಾಯ್ತಿ, ಹೆಂಗೋ ತಪ್ಪಿ ಹೋಯ್ತು,” ಎಂದು ಸೀತಕ್ಕ ನಗುತ್ತಿದ್ದಳು. ಆ ನಗುವಿಗೇ ಭಾಗ್ಯಳ ಮೈ ಉರಿಯುತ್ತಿತ್ತು. ಕೊನೆಗೊಂದು ದಿನ ಎಲ್ಲರ ಎದುರೇ, “ನಾಳೆಯಿಂದ ನೀ ಬರೋದು ಬೇಡ” ಎಂದುಬಿಟ್ಟಳು. ಮದುವೆಯಾಗಿ ಬಂದಾಗಿನಿಂದ ಜೊತೆಗೆ ಬುತ್ತಿ ಬಿಚ್ಚಿದ ಸೀತಕ್ಕ ಚೀಲ ಮಡಚಿಕೊಂಡು ಹೋದಳು.

ಆ ಬೇಸಿಗೆ ಕೊಪ್ಪದಲ್ಲಿ ಕಣ್ಣಿನ ಶಿಬಿರ. ಕನ್ನಡಕಕ್ಕೆಂದು ಹೋದ ಭಾಗ್ಯ ಬಾಗಿಲಲ್ಲೇ ನಿಂತಳು. ಒಳಗೆ ಸೀತಕ್ಕ ಕುಳಿತಿದ್ದಳು. ಡಾಕ್ಟರಮ್ಮ ಬೆರಳನ್ನು ಪಕ್ಕದಿಂದ ಮೆಲ್ಲಗೆ ಮುಂದಕ್ಕೆ ತರುತ್ತಿದ್ದರು. ಬೆರಳು ಹೆಚ್ಚುಕಮ್ಮಿ ಮೂಗಿನ ನೇರಕ್ಕೆ ಬರುವವರೆಗೂ ಸೀತಕ್ಕ “ಕಾಣ್ತು” ಅನ್ನಲಿಲ್ಲ.

“ಇದು ಗ್ಲುಕೋಮಾ. ತೋಟದ ಚರಂಡಿ ಕಟ್ಟಿದ್ರೆ ಬೇರು ಕೊಳೆಯಲ್ವಾ? ಹಾಗೇ ಕಣ್ಣೊಳಗಿನ ನೀರು ಹೊರಗೆ ಹೋಗದೆ ಒತ್ತಡ ಹೆಚ್ಚಾಗಿ ನರ ಸಾಯ್ತಾ ಬಂದಿದೆ. ನೋವಿಲ್ಲ, ಎದುರಿನದು ಕಾಣ್ತದೆ, ಅದಕ್ಕೇ ಗೊತ್ತಾಗಲ್ಲ. ಹೋದ ದೃಷ್ಟಿ ವಾಪಸ್ ಬರಲ್ಲಮ್ಮ. ಇರೋದು ಉಳೀಬೇಕಾದ್ರೆ ದಿನಾ ಈ ಹನಿ ಹಾಕ್ಬೇಕು.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ಕಾಣದವಳಿಗೆ ಮೈಗಳ್ಳಿ ಎಂದೆನಲ್ಲ ಎಂದು ಭಾಗ್ಯ ನಾಚಿಕೆಯಿಂದ ಬೆಂದುಹೋದಳು.

ಮುಂದಿನ ಕೊಯ್ಲಿಗೆ ತಾನೇ ಹೋಗಿ ಸೀತಕ್ಕನನ್ನು ಕರೆತಂದಳು. ಅವಳ ಪಕ್ಕದ ಸಾಲನ್ನು ತಾನೇ ಹಿಡಿದಳು. ಸೀತಕ್ಕ ಬಿಟ್ಟುಹೋದ ಹಣ್ಣನ್ನು ಹಿಂದಿನಿಂದ ಸದ್ದಿಲ್ಲದೆ ಕೊಯ್ದು ಅವಳ ಚೀಲಕ್ಕೇ ಹಾಕುತ್ತಿದ್ದಳು. ತಪ್ಪಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಮನಸ್ಸು ಹಗುರಾಗಿತ್ತು.

ಒಂದು ಮಧ್ಯಾಹ್ನ ಸೀತಕ್ಕ ಹಿಂದಿರುಗಿ ತನ್ನ ಸಾಲನ್ನು ನೋಡಿ ಹಿಗ್ಗಿದಳು. “ನೋಡಿದ್ಯಾ? ಒಂದು ಹಣ್ಣೂ ಬಿಟ್ಟಿಲ್ಲ! ಹೋದದ್ದು ಬರಲ್ಲ ಅಂದ್ರು ಡಾಕ್ಟರಮ್ಮ, ಬಂತಲ್ಲ! ಹನಿ ಹಾಕೋದು ಬಿಟ್ಟು ವಾರ ಆಯ್ತು.”

ಭಾಗ್ಯಳಿಗೆ ಆಗ ಹೊಳೆಯಿತು. ಮೊದಲು ಬೈದು ಕಳಿಸಿದ್ದಳು. ಈಗ ಉಪಕಾರದ ಹೆಸರಲ್ಲಿ ಉಳಿದ ಕಣ್ಣನ್ನೂ ಕಳೆಯುತ್ತಿದ್ದಾಳೆ! ಸೀತಕ್ಕನ ಕೈ ಹಿಡಿದು, ತಾನಿನ್ನೂ ಮುಟ್ಟದ ಗಿಡದ ಪಕ್ಕದ ಕೊಂಬೆಯ ಮೇಲೆ ಇಟ್ಟಳು.

“ಇದು ನೀ ಈಗಷ್ಟೇ ಬಿಟ್ಟು ಬಂದದ್ದು. ದಿನಾ ನಾನೇ ಕೊಯ್ತಿದ್ದೆ. ಕಣ್ಣು ಬಂದಿಲ್ಲ ಸೀತಕ್ಕ. ಅವತ್ತು ಬೈದದ್ದೂ ತಪ್ಪು, ಇದೂ ತಪ್ಪು.”

ಸೀತಕ್ಕನ ಬೆರಳು ಗೊಂಚಲನ್ನು ಬಹಳ ಹೊತ್ತು ತಡವಿತು.

“ಅವತ್ತು ನೀ ಬೈದಾಗ ಇಷ್ಟು ನೋವಾಗಿರ್ಲಿಲ್ಲ,” ಎಂದಳು.

ಆ ಸಂಜೆ ಭಾಗ್ಯ ಅವಳ ಮನೆಗೆ ಹೋಗಿ ತಾನೇ ಹನಿ ಹಾಕಿದಳು. ಗುರಿ ತಪ್ಪಿ ಮೊದಲ ಹನಿ ಕೆನ್ನೆಗೆ ಬಿತ್ತು.

“ಇನ್ನೊಂದು ಹಾಕು,” ಎಂದಳು ಸೀತಕ್ಕ, ಕಣ್ಣು ಮುಚ್ಚದೆ.